ಮಾವನ ಉಬ್ಬರ ಪಂಚಾಂಗ

ರಾಹುಕಾಲ ನೋಡಿಕೊಂಡು ಮನೆಯಿಂದ ಹೊರಡುವವರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ಸಮುದ್ರದ ಉಬ್ಬರ ನೋಡಿಕೊಂಡು ದೋಸೆಗೆ ಅಕ್ಕಿ ನೆನೆಹಾಕಲು ಹೇಳುವವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದೇನೆ ಏನು ಬಂತು, ಅವರ ಮನೆಯಲ್ಲಿ ಮೂರು ವರ್ಷ ಆ ದೋಸೆ ತಿಂದುಕೊಂಡೇ ಇದ್ದೆ. ಅವರು ನನ್ನ ಸೋದರಮಾವ.

ಎಂಬತ್ತರ ದಶಕದ ಮೊದಲಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿ ಮೈಸೂರಿನಿಂದ ಮುಂಬಯಿಗೆ ಬಂದಾಗ ನಾನು ಟ್ರಂಕು ಇಳಿಸಿದ್ದು ಘಾಟ್ಕೋಪರಿನಲ್ಲಿದ್ದ ಮಾವನ ಎರಡು ಕೋಣೆಯ ಮನೆಯಲ್ಲಿ. ಮಾವ ಪರೇಲಿನ ಒಂದು ಕಂಪನಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಅವರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅತ್ತೆಗೆ ಏಕಾದಶಿ ಯಾವತ್ತೆಂದು ಹುಡುಕಿದರೂ ಸಿಗುತ್ತಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಚೌಕದ ಮೇಲೂ ಮಾವ ಆ ದಿನದ ಉಬ್ಬರದ ಹೊತ್ತನ್ನು ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದಿಟ್ಟಿರುತ್ತಿದ್ದರು. ದೋಸೆಯಿಂದ ಹಿಡಿದು ಮನೆಯ ಎಲ್ಲ ಕೆಲಸವೂ ಆ ಹೊತ್ತಿಗೆ ಹೊಂದಿಕೊಂಡೇ ನಡೆಯಬೇಕು.

ಇದಕ್ಕೆ ಕಾರಣ ನಮ್ಮ ಗಲ್ಲಿಯ ತುದಿಯಲ್ಲಿದ್ದ ನಾಲಾ, ಅಂದರೆ ಕೊಳಚೆಯ ದೊಡ್ಡ ಕಾಲುವೆ. ಅದರ ಪಕ್ಕದಲ್ಲಿ ಒಂದೊಂದೇ ಕೋಣೆಯ ಹನ್ನೊಂದು ಖೋಲಿಗಳು ನೆಲಕ್ಕಂಟಿ ಸಾಲಾಗಿ ನಿಂತ ಒಂದು ಬೈಠಿ ಚಾಳು. ನಾಲಾ ರಸ್ತೆಯ ಕೆಳಗಿನ ಮೋರಿಯಲ್ಲಿ ನುಸುಳಿ, ದೂರದಲ್ಲಿ ಸಮುದ್ರ ಒಳಚಾಚಿದ ಖಾಡಿಗೆ ಹೋಗಿ ಸೇರುತ್ತಿತ್ತು. ಮೋರಿಯಲ್ಲಿ ಕಸ ತುಂಬಿದ್ದು, ಉಬ್ಬರದ ಹೊತ್ತಿಗೇ ಜೋರು ಮಳೆ ಬಂತೆನ್ನಿ, ನೀರಿಗೆ ಖಾಡಿಯ ದಾರಿ ಮುಚ್ಚಿಹೋಗಿ ಆ ಹನ್ನೊಂದು ಖೋಲಿಗಳಿಗೆ ನುಗ್ಗುತ್ತಿತ್ತು. ಮಾವನ ಮನೆಯೋ ಎರಡನೆಯ ಮಹಡಿಯಲ್ಲಿ! ನೀರು ನಮ್ಮ ಹೊಸ್ತಿಲು ಮುಟ್ಟಬೇಕಾದರೆ ಪ್ರಳಯವೇ ಆಗಬೇಕಿತ್ತು. ಆದರೂ ಮಾವನಿಗೆ ಬದುಕಿನಲ್ಲಿ ಇದ್ದದ್ದು ಎರಡೇ ಆಸೆ. ಮಳೆಗಾಲಕ್ಕೆ ಮೊದಲು ಮೋರಿ ಚೊಕ್ಕಟವಾಗಬೇಕು, ನೀರು ಒಳಗೆ ಬರುವ ಮೊದಲು ಚಾಳಿನವರೆಲ್ಲ ಹೊರಗೆ ಬಂದಿರಬೇಕು.

ಮೊದಲನೆಯ ಆಸೆಗಾಗಿ ಅವರು ಅರ್ಧ ದಿನ ರಜೆ ಹಾಕಿ ಹಾಕಿ ವಾರ್ಡ್ ಆಫೀಸಿಗೆ ಚಪ್ಪಲಿ ಸವೆಸಿದರು. ನಾಲಾದ ನಕ್ಷೆಯನ್ನು ತಾವೇ ಬರೆದು ಸುರುಳಿ ಸುತ್ತಿಕೊಂಡು ಹೋಗುತ್ತಿದ್ದರು. ಎಷ್ಟು ಚೆಂದದ ನಕ್ಷೆ ಅಂತೀರಿ, ಅದನ್ನು ನೋಡಿದರೆ ಆ ನಾಲಾದಲ್ಲಿ ದೋಣಿವಿಹಾರ ಹೋಗೋಣ ಅನ್ನಿಸಬೇಕು! ಅಲ್ಲಿನ ಜೂನಿಯರ್ ಇಂಜಿನಿಯರ್ ಸಾಹೇಬರು ಮರಾಠಿಯವರು, ಸಂಭಾವಿತರು, ಆದರೆ ಮಾವನ ಸುರುಳಿ ಬಾಗಿಲಲ್ಲಿ ಕಂಡರೆ ಮಾಯವಾಗುತ್ತಿದ್ದರು. ಒಂದು ಸಲ ಪ್ಯೂನ್ ಅಡ್ಡ ನಿಂತು, "ಸಾಬ್ ಸೈಟ್ ಪೆ ಗಯೇಲಾ ಹೈ," ಎಂದ, ಸಾಹೇಬರು ಸೈಟಿಗೆ ಹೋಗಿದ್ದಾರೆಂದು.

"ಮೈ ಸೈಟ್ ಸೇ ಹೀ ಆಯಾ ಹೂಂ. ಸಾಬ್ ಉಧರ್ ನಹೀ ಹೈ," ನಾನು ಸೈಟಿನಿಂದಲೇ ಬಂದೆ, ಸಾಹೇಬರು ಅಲ್ಲಿಲ್ಲ ಎಂದು ಮಾವ ಅಲ್ಲೇ ಬೆಂಚಿನ ಮೇಲೆ ಕುಳಿತರು. ಸಾಹೇಬರು ಒಂದು ಗಂಟೆಯ ಹೊತ್ತು ರೆಕಾರ್ಡ್ ರೂಮಿನಲ್ಲಿ ನಿಂತು ಕೊನೆಗೆ ಕಾಲುನೋವು ತಾಳಲಾರದೆ ಹೊರಗೆ ಬಂದರಂತೆ.

ನಾನು ಬಂದ ಮೂರನೆಯ ವರ್ಷ ಮೇ ತಿಂಗಳಲ್ಲಿ ಮಾವನಿಗೆ ಹೊಸ ಯೋಚನೆ ಹೊಳೆಯಿತು. ನೀರು ಎಷ್ಟು ಬೇಗ ಏರುತ್ತದೆಂದು ತಿಳಿಯಲು ನಾಲಾದ ಅಂಚಿಗೆ ಸೊಂಟದೆತ್ತರದ ಒಂದು ಕಲ್ಲು ನೆಡಿಸಿದರು. ಅದರ ಮೇಲೆ ಅರ್ಧ ಅಡಿಗೊಂದು ಗೆರೆ, ಅಂಕಿ. ದೂರಕ್ಕೂ ಕಾಣಲಿ ಎಂದು ಕಿಟಕಿಯ ಸರಳಿಗೆ ಬಳಿದು ಉಳಿದಿದ್ದ, ತುಕ್ಕು ತಡೆಯುವ ಕೇಸರಿ ಬಣ್ಣವನ್ನು ಕಲ್ಲಿಗೆಲ್ಲ ಬಳಿದರು. ಮೈಸೂರಿನವರ ತಪ್ಪು ಇದೇ ನೋಡಿ! ಮುಂಬಯಿಯಲ್ಲಿ ಬಯಲಲ್ಲಿ ನಿಂತ ಕಲ್ಲಿಗೆ ಕೇಸರಿ ಬಳಿದರೆ ಅದು ಏನಾಗುತ್ತದೆಂದು ಮರಾಠಿ ಮಾತನಾಡುವ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು. ಶನಿವಾರ ಬೆಳಿಗ್ಗೆ ನಾವು ಹೋಗಿ ನೋಡುವಾಗ ಕಲ್ಲಿಗೆ ಎಕ್ಕದೆಲೆಯ ಹಾರ, ತಲೆಯ ಮೇಲೆ ಎಣ್ಣೆ, ಬುಡದಲ್ಲಿ ಒಡೆದ ತೆಂಗಿನಕಾಯಿ. ಒಂದೂವರೆ ಅಡಿಯ ಗೆರೆಯ ಹತ್ತಿರ ಯಾರೋ ಎರಡು ಬೆಳ್ಳಿಯ ಕಣ್ಣು ಅಂಟಿಸಿದ್ದರು.

"ಅಯ್ಯೋ, ಇದು ಅಳತೆಯ ಕಲ್ಲು," ಎಂದು ಮಾವ ಹಿಂದಿಯಲ್ಲಿ ಕೈಕಾಲು ಆಡಿಸಿ ಹೇಳಿದರು.

ಚಾಳಿನ ಮೂರನೆಯ ಖೋಲಿಯ ಆಜಿ ಕೈಮುಗಿದುಕೊಂಡೇ ಉತ್ತರ ಕೊಟ್ಟಳು. "ಹೌದಪ್ಪಾ, ಅವನು ಎಲ್ಲರದ್ದೂ ಅಳೀತಾನೆ," ಎಂಬುದು ಅವಳ ಮರಾಠಿಯ ತಾತ್ಪರ್ಯ.

ಅನಧಿಕೃತ ಕಟ್ಟಡ ಎಂದು ವಿಚಾರಣೆಗೆ ಬಂದ ಇಂಜಿನಿಯರ್ ಸಾಹೇಬರು ಮೊದಲು ಬೂಟು ಬಿಚ್ಚಿದರು, ನಮಸ್ಕಾರ ಮಾಡಿದರು, ಆಮೇಲೆ ಅನುಮತಿ ಪತ್ರ ಎಲ್ಲಿ ಎಂದು ಕೇಳಿದರು. ಆದರೆ ಒಂದು ಸಂಗತಿ ಅವರ ಕಣ್ಣಿಗೂ ಬಿತ್ತು. ದೇವರ ಕಾಲಬುಡ ಎಂದು ಜನ ನಾಲಾಕ್ಕೆ ಕಸ ಎಸೆಯುವುದನ್ನು ಬಿಟ್ಟಿದ್ದರು! ಹತ್ತೇ ದಿನದಲ್ಲಿ ಅವರು ಕಳಿಸಿದ ಕೂಲಿಗಳು ಬಂದು ಮೋರಿಯ ಕಸ ತೆಗೆದು ಚೊಕ್ಕಟ ಮಾಡಿದರು. ಅಷ್ಟು ವರ್ಷಗಳ ಅರ್ಜಿಗಳಿಂದ ಆಗದ್ದನ್ನು ಅರ್ಧ ಡಬ್ಬಿ ಬಣ್ಣ ಮಾಡಿತ್ತು. ಮಾವ ಸೋಲೊಪ್ಪಿಕೊಂಡು, ಅಂದಿನಿಂದ ಚಪ್ಪಲಿ ಬಿಟ್ಟೇ ಅಳತೆ ನೋಡುತ್ತಿದ್ದರು.

ಉಳಿದದ್ದು ಎರಡನೆಯ ಆಸೆ. ಮಾವ ನೋಟ್‌ಬುಕ್ ಹಿಡಿದು ಹನ್ನೊಂದು ಖೋಲಿಗೂ ಹೋಗಿ, ಯಾರು ತಾವೇ ನಡೆಯಬಲ್ಲರು, ಯಾರನ್ನು ಹಿಡಿದು ನಡೆಸಬೇಕು, ಯಾರನ್ನು ಎತ್ತಿಕೊಂಡು ಹೋಗಬೇಕು ಎಂದು ಪಟ್ಟಿ ಮಾಡಿದರು. ಒಟ್ಟು ನಲವತ್ತೆರಡು ಹೆಸರು. ಎತ್ತಬೇಕಾದವರ ಸಾಲಿನಲ್ಲಿ ತನ್ನ ಹೆಸರು ಬಂದದ್ದಕ್ಕೆ ಆಜಿ ಕೆರಳಿದಳು. ಮಾವನ ಕಡ್ಡಿ ದೇಹವನ್ನು ಮೇಲಿನಿಂದ ಕೆಳಗೆ ನೋಡಿ, "ಕೋಣ್ ಉಚಲ್ಣಾರ್? ತೂ?" ಎಂದಳು. ಎತ್ತುವವನು ನೀನೋ ಎಂದು! ಮಾವ ಕೋಪಿಸಿಕೊಳ್ಳಲಿಲ್ಲ. ಅವಳ ಹೆಸರಿನ ಮುಂದೆ 'ಇಬ್ಬರು ಬೇಕು' ಎಂದು ಬರೆದುಕೊಂಡರು. ಪಟ್ಟಿಯ ಒಂದು ಪ್ರತಿ ಇಂಜಿನಿಯರ್ ಸಾಹೇಬರಿಗೂ ಹೋಯಿತು.

ಪಟ್ಟಿಯಾದ ಮೇಲೆ ತಾಲೀಮು ಬೇಡವೇ? ಬಿಸಿಲು ಸುಡುತ್ತಿದ್ದ ಒಂದು ಭಾನುವಾರ ಮಾವ ಸ್ಟೀಲ್ ತಟ್ಟೆ ಬಡಿಯುತ್ತ, "ನೀರು ಬಂತು, ಶಾಲೆಗೆ ನಡೀರಿ," ಎಂದು ಚಾಳಿನ ಮುಂದೆ ಓಡಾಡಿದರು. ಗಲ್ಲಿಯ ಮೇಲ್ತುದಿಯ ಶಾಲೆಗೆ ಹೋಗಿ ಸೇರಿದ್ದು ಮಾವ, ಅತ್ತೆ, ನಾನು ಮತ್ತು ಎರಡು ಆಡು. ಅತ್ತೆ ನೆತ್ತಿಯ ಬೆವರು ಒರೆಸಿಕೊಂಡು, "ರೀ, ಬರೀ ತಟ್ಟೆ ಬಡಿದ್ರೆ ಯಾರು ಬರ್ತಾರೆ? ತಟ್ಟೇಲಿ ಏನಾದ್ರೂ ಇರ್ಬೇಕು," ಎಂದರು. ಮುಂದಿನ ವಾರ ಬೀದಿ ಕೂಡುವ ನಾಕಾದ ಹೋಟೆಲಿನ ಉಡುಪಿಯ ಶೆಟ್ಟರಿಗೆ ಉಪ್ಪಿಟ್ಟಿನ ಆರ್ಡರ್ ಹೋಯಿತು.

"ಅಲ್ಲ ಮಾರಾಯ್ರೆ, ಮಳೆಯೇ ಇಲ್ಲ, ನೆರೆ ಎಲ್ಲಿಂದ ಬರುವುದು?" ಎಂದು ಶೆಟ್ಟರು ಕೇಳಿದರು.

"ನೆರೆ ಆಮೇಲೆ ಬರತ್ತೆ ಶೆಟ್ರೇ. ಉಪ್ಪಿಟ್ಟು ಹತ್ತು ಗಂಟೆಗೆ ಬರಲಿ," ಎಂದರು ಮಾವ.

ಆ ದಿನ ತಟ್ಟೆಯ ಮೊದಲ ಸದ್ದಿಗೇ ನಲವತ್ತೆರಡು ಜನರ ಬದಲು ಎಪ್ಪತ್ತು ಜನ ಶಾಲೆ ಸೇರಿದರು. ನಾಲಾ ಎಲ್ಲಿದೆಯೆಂದೇ ಗೊತ್ತಿಲ್ಲದವರೂ ಅದರಲ್ಲಿದ್ದರು. ಆಜಿ ಯಾರೂ ಎತ್ತದೆಯೇ ನಡೆದು ಬಂದು ಎರಡು ಸಲ ಬಡಿಸಿಕೊಂಡಳು.

ಈ ನಡುವೆ ನನ್ನನ್ನು ನೋಡಲು ಮಲಾಡಿನಿಂದ ಗಂಡಿನ ಕಡೆಯವರು ಬರುವವರಿದ್ದರು, ಜುಲೈ ತಿಂಗಳ ಭಾನುವಾರ, ಸಂಜೆ ನಾಲ್ಕಕ್ಕೆ. ನಾಲ್ಕು ಗಂಟೆ ಬೇಡ, ಎರಡಕ್ಕೇ ಬನ್ನಿ ಎಂದು ಮಾವ ಫೋನು ಮಾಡಿದರು. ಹುಡುಗನ ತಂದೆಗೆ ಗಾಬರಿ. "ರಾಹುಕಾಲ ಆಮೇಲಲ್ವೇ ಬರೋದು? ನೀವು ನೋಡೋದು ಯಾವ ಪಂಚಾಂಗ?" ಎಂದು ಕೇಳಿದರಂತೆ. "ಸಮುದ್ರದ್ದು," ಎಂದರು ಮಾವ. ಅವರು ಹಟಕ್ಕೆ ನಾಲ್ಕಕ್ಕೇ ಬಂದರು, ಉಬ್ಬರದ ನೀರಿಗೆ ಗಲ್ಲಿ ತುಂಬಿತ್ತು, ಬೂಟು ಕೈಯಲ್ಲಿ ಹಿಡಿದು ಪ್ಯಾಂಟು ಮಂಡಿಯವರೆಗೆ ಮಡಿಸಿಕೊಂಡು ಮೆಟ್ಟಿಲು ಹತ್ತಿದರು. ಹೀಗಾಗಿ ನಾನು ಹುಡುಗನ ಮುಖಕ್ಕಿಂತ ಮೊದಲು ನೋಡಿದ್ದು ಅವರ ಮೀನಖಂಡವನ್ನು. ನಾನು ಒಪ್ಪಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನಮ್ಮ ಯಜಮಾನರು ಇವತ್ತಿಗೂ ನಂಬಿಕೊಂಡಿದ್ದಾರೆ.

ಇಷ್ಟೆಲ್ಲ ನಗಾಡುತ್ತಿರುವಾಗ ಆಗಸ್ಟ್ ಬಂತು. ಒಂದು ಅಮಾವಾಸ್ಯೆಯ ದಿನ, ಮೋರಿ ಚೊಕ್ಕಟವಿದ್ದರೂ ತಡೆಯಲಾಗದಂಥ ದೊಡ್ಡ ಉಬ್ಬರ, ಬೆಳಗಿನಿಂದಲೇ ಮಳೆ ಕವಿದುಕೊಂಡು ಸುರಿಯತೊಡಗಿತು. ಲೋಕಲ್‌ಗಳು ನಿಂತವು. ನಾನು ಸ್ಟೇಷನ್ನಿನಿಂದ ವಾಪಸ್ಸು ಬಂದೆ. ಮಾವ ಹಿಂದಿನ ದಿನವೇ ರಜೆ ಹಾಕಿ, ಮಳೆಯಲ್ಲಿ ಕಲ್ಲಿನ ಪಕ್ಕ ಬರಿಗಾಲಲ್ಲಿ ನಿಂತಿದ್ದರು. ನೀರು ಎರಡು ಅಡಿಯ ಗೆರೆ ದಾಟಿದ್ದೇ ತಟ್ಟೆ ಬಡಿದರು. ಉಪ್ಪಿಟ್ಟು ಇಲ್ಲದಿದ್ದರೂ ಜನ ಹೊರಟರು, ದಾರಿ ಕಾಲಿಗೆ ಅಭ್ಯಾಸವಾಗಿಬಿಟ್ಟಿತ್ತು. ಇಂಜಿನಿಯರ್ ಸಾಹೇಬರು ನಾಲ್ವರು ಕೂಲಿಗಳೊಂದಿಗೆ ತೊಯ್ದು ತೊಪ್ಪೆಯಾಗಿ ಬಂದರು. ಮಾವನ ಪಟ್ಟಿ ಅವರ ಜೇಬಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬೆಚ್ಚಗಿತ್ತು. ಆಜಿಯ ಹೆಸರು ಓದಿ ಇಬ್ಬರನ್ನು ಕಳಿಸಿದರು. ಮಿಕ್ಕ ಇಬ್ಬರನ್ನು ಕರೆದುಕೊಂಡು, ಕೊಚ್ಚಿಬಂದ ಕಸ ಬಿಡಿಸಲು ಮೋರಿಯ ಆಚೆ ಬಾಯಿಗೆ ಓಡಿದರು.

ಶಾಲೆಯಲ್ಲಿ ಮಾವ ಪಟ್ಟಿಯ ಹೆಸರು ಕೂಗಿ ತಲೆ ಎಣಿಸಿದರು. ನಲವತ್ತೊಂದು. ಇನ್ನೊಂದು ಸಲ ಎಣಿಸಿದರೂ ನಲವತ್ತೊಂದೇ. ಏಳನೆಯ ಖೋಲಿಯ ಹಸಿ ಬಾಣಂತಿ ಕೂಸನ್ನು ಅತ್ತೆಯ ಕೈಗೆ ಕೊಟ್ಟು ರೇಷನ್ ಕಾರ್ಡ್ ತರಲು ಹಿಂದಕ್ಕೆ ಹೋಗಿದ್ದಳು. ಮಾವ ಒಂದು ಬಿದಿರು ಕೋಲು ಹಿಡಿದು ಇಳಿದೇಬಿಟ್ಟರು. ನಾನು ಹಿಂದೆಯೇ ಓಡಿ ನೀರಿನಂಚಿನಲ್ಲಿ ನಿಂತೆ. ನೀರು ಅವರ ಸೊಂಟಕ್ಕೆ ಬಂತು, ಎದೆಗೆ ಬಂತು, ಅವರು ಚಾಳಿನ ಮೂಲೆ ತಿರುಗಿ ಕಾಣದಾದರು. ಅಲ್ಲಿ ನಿಂತಷ್ಟು ಹೊತ್ತು ನನ್ನ ಜೀವದಲ್ಲಿ ಜೀವ ಇರಲಿಲ್ಲ. ಕಡೆಗೆ ಕೋಲು ಕಂಡಿತು, ಆಮೇಲೆ ಮಾವ, ಅವರ ತೋಳು ಹಿಡಿದುಕೊಂಡು ಬಾಣಂತಿ. ರೇಷನ್ ಕಾರ್ಡನ್ನು ಅವಳು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಬಾಗಿಲು ನೀರಿನ ಭಾರಕ್ಕೆ ಬಿಗಿದುಕೊಂಡಿತ್ತಂತೆ, ಮಾವ ಕೋಲಿನಿಂದ ಮೀಟಿ ತೆಗೆದರಂತೆ.

ಶಾಲೆಯಲ್ಲಿ ಅತ್ತೆ ಕೂಸನ್ನು ತಾಯಿಗೆ ಕೊಟ್ಟು, ಮಾವನ ತಲೆ ಒರೆಸುತ್ತ ಅಳುವುದಕ್ಕೆ ಶುರುಮಾಡಿದರು. "ಈಜು ಬರದ ಮನುಷ್ಯ ಕಣ್ರೀ ನೀವು. ಊರಲ್ಲಿ ಕಾವೇರಿ ಸ್ನಾನಕ್ಕೆ ಹೋದ್ರೆ ಮೆಟ್ಟಿಲ ಮೇಲೆ ಕೂತು ತಂಬಿಗೇಲಿ ಹುಯ್ಕೊಳ್ಳೋರು."

ನನಗೆ ಇದು ಗೊತ್ತೇ ಇರಲಿಲ್ಲ. ಶೆಟ್ಟರ ಹೋಟೆಲಿನಿಂದ ಬಂದ ಚಹಾ ಗ್ಲಾಸನ್ನು ಮಾವನ ಕೈಗೆ ಕೊಟ್ಟೆ. ಅರ್ಧ ಚಹಾ ಅವರ ಪಂಚೆಯ ಮೇಲೆ ಚೆಲ್ಲಿತು. ಕೂದಲೆಳೆಯ ಗೆರೆಯನ್ನೂ ಅಲುಗದೆ ಎಳೆಯುತ್ತಿದ್ದ ಕೈ ಅದು.

"ಗ್ಲಾಸು ಸ್ವಲ್ಪ ಹಿಡ್ಕೋ ಪುಟ್ಟಿ. ಕೈ ನಿಲ್ತಾ ಇಲ್ಲ," ಎಂದರು. ಆಮೇಲೆ ಮೆಲ್ಲಗೆ, "ನೀರು ಅಂದ್ರೆ ನಂಗೆ ಮೊದಲಿಂದ್ಲೂ ಪ್ರಾಣಭಯ. ಎರಡನೇ ಮಹಡಿ ಮನೆ ತಗೊಂಡಿದ್ದೇ ಅದಕ್ಕೆ. ಕೆಳಗಿರೋರಿಗೂ ಅಷ್ಟೇ ಭಯ ಆಗತ್ತಲ್ಲ ಅಂತ ಅನ್ಸೋದು," ಎಂದರು.

ಮೂರು ವರ್ಷ ಅವರನ್ನು ಆಡಿಕೊಂಡು ನಕ್ಕಿದ್ದ ನಾನು ಗ್ಲಾಸನ್ನು ಅವರ ತುಟಿಗೆ ಹಿಡಿದೆ. ಮಾವ ಕಣ್ಣು ಮುಚ್ಚಿಕೊಂಡು, ಗುಟುಕು ಗುಟುಕಾಗಿ, ಪೂರ್ತಿ ಕುಡಿದರು.