ಉದ್ದ ಹೆಚ್ಚಾದ ಗ್ರಾಫಿಕ್ಸ್ ಕಾರ್ಡಿಗೆ ಮೂಡಲಪಾಳ್ಯದ ಅಡುಗೆಮನೆಯಿಂದ ಒಂದು ದೂರು

ಮಾನ್ಯ ಗ್ರಾಫಿಕ್ಸ್ ಕಾರ್ಡ್ ಮಹೋದಯರೇ,

ಮೂರು ಫ್ಯಾನುಗಳಿಂದ ಅಲಂಕೃತರೂ, ಬಣ್ಣಬಣ್ಣದ ದೀಪಗಳಿಂದ ಶೋಭಿತರೂ, ಸದ್ಯಕ್ಕೆ ರಾಜಾಜಿನಗರದ ಕಂಪ್ಯೂಟರ್ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಹಣೆಗೆ ಕುಂಕುಮವಿಟ್ಟುಕೊಂಡು ವಿರಾಜಮಾನರೂ ಆಗಿರುವ ತಮಗೆ ಮೂಡಲಪಾಳ್ಯದ ಶಶಿಕಲಾ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ತಾವು ಅಲ್ಲಿ ತಂಪಾಗಿದ್ದೀರೆಂದು ನಂಬಿದ್ದೇನೆ. ಬೇಗ ಬಿಸಿಯಾಗುವುದು ತಮ್ಮ ಜಾಯಮಾನವೆಂದು ನನ್ನ ಮೈದುನ ಹೇಳಿರುವುದರಿಂದ ಈ ಮಾತನ್ನು ಬರಿಯ ಉಪಚಾರಕ್ಕೆ ಬರೆಯುತ್ತಿಲ್ಲ.

ತಾವು ನಮ್ಮ ಮನೆಯಲ್ಲಿ ಅತಿಥಿಯಾಗಿದ್ದಾಗ ನಾನು ತಮ್ಮೊಡನೆ ಮಾತಾಡಲಿಲ್ಲ ಎಂಬ ಬೇಸರ ತಮಗಿದ್ದರೆ ಕ್ಷಮಿಸಬೇಕು. ದೇವರ ಕೋಣೆಯಲ್ಲಿ ಕೂತವರ ಮೇಲೆ ದೂರು ಹೇಳಬಾರದೆಂದು ಸುಮ್ಮನಿದ್ದೆ. ಈಗ ತಾವು ಅಲ್ಲಿಂದ ಹೊರಟಿರುವುದರಿಂದ, ಮತ್ತು ತಮ್ಮನ್ನು ಕೊಳ್ಳಲು ಇನ್ನೊಂದು ಮನೆಯವರು ಎಲ್ಲೋ ಬಜೆಟ್ ಹಾಕುತ್ತಾ ಕೂತಿರುವುದರಿಂದ, ನಡೆದದ್ದನ್ನು ನಾಲ್ಕು ಜನರ ಮುಂದೆ ಇಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಾನು ಮನೆಯಲ್ಲೇ ಕೂತು ಲಗ್ನಪತ್ರಿಕೆ, ಪೋಸ್ಟರು, ಅಂಗಡಿಗಳ ಕರಪತ್ರಗಳನ್ನು ಡಿಸೈನ್ ಮಾಡುವವಳು. ಮೊದಲು ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಇನ್ನೊಬ್ಬರು ಎದ್ದ ಮೇಲೆ ಖಾಲಿಯಾಗುವ ಕುರ್ಚಿಗೆ ಕಾದು ಕೂತು ಕೆಲಸ ಮಾಡುತ್ತಿದ್ದೆ. ವಿಜಯನಗರದಲ್ಲಿ ಇಳಕಲ್ ಸೀರೆಯ ಅಂಗಡಿ ಇಟ್ಟಿರುವ ಕಸ್ತೂರೆವ್ವನವರು ತಮ್ಮ ವರ್ಷದ ಕೆಲಸವನ್ನೆಲ್ಲ ನನಗೇ ಕೊಡುವುದಾಗಿ ಹೇಳಿದ ಮೇಲೆ ಆ ಕುರ್ಚಿಗೆ ಕೈಮುಗಿದು ಮನೆಗೆ ಬಂದೆ. ಅದೇ ತಿಂಗಳು ನನ್ನ ಹಳೆಯ ಕಂಪ್ಯೂಟರು, ಅದರ ಮಾನಿಟರ್ ಸಮೇತ, ಕರೆಂಟು ಹೋಗಿ ಬಂದ ಒಂದು ಸಂಜೆ ಹೊಗೆಯಾಡಿ ಹೋಯಿತು. ಹೊಸದು ಬೇಕಾದದ್ದು ನನಗೆ, ನನ್ನ ಕೆಲಸಕ್ಕೆ. ಇಷ್ಟು ಮಾತ್ರ ತಾವು ನೆನಪಿಟ್ಟುಕೊಂಡರೆ ಸಾಕು, ಏಕೆಂದರೆ ಮನೆಯಲ್ಲಿ ಇನ್ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಕಂಪ್ಯೂಟರಿನ ಭಾಗಗಳನ್ನು ಆರಿಸುವ ಸಭೆ ನಮ್ಮ ಹಾಲಿನಲ್ಲಿ ಒಂದು ಭಾನುವಾರ ಸೇರಿತು. ಸುಂಕದಕಟ್ಟೆಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ, ಸಂಜೆಯಾದರೆ ಆಟಗಳಲ್ಲಿ ಶತ್ರುಸಂಹಾರ ಮಾಡುವ ಮೈದುನ ಆನಂದ್, 'ಅತ್ತಿಗೆ, ಡಿಸೈನಿಗೂ ಆಗ್ಬೇಕು, ಗೇಮಿಂಗಿಗೂ ಆಗ್ಬೇಕು, ಒಂದೇ ಸಿಸ್ಟಮ್ಮಲ್ಲಿ ಎರಡೂ ಮುಗಿಸ್‌ಬಿಡಣ' ಎಂದು ಸಭೆಯನ್ನು ಉದ್ಘಾಟಿಸಿದ. ಯಾರು ಏನು ಕೇಳಿದರೂ 'ನೋಡೋಣ' ಎನ್ನುವ ನನ್ನ ಯಜಮಾನರು ಯೋಗಾನಂದರು ನೋಡೋಣ ಎಂದರು. ಅಲ್ಲಿಂದ ಮುಂದೆ ಮಧ್ಯಾಹ್ನದ ಊಟದವರೆಗೂ ನಡೆದದ್ದು, ಪರದೆಯ ಮೇಲೆ ಚಿತ್ರ ಓಡಿಸುವ ತಮ್ಮ ಗುಣಗಾನ. ತಮ್ಮ ಮೆಮೊರಿ ಎಷ್ಟು, ತಮ್ಮ ವೇಗ ಎಷ್ಟು, ತಮ್ಮನ್ನು ಹಾಕಿಸಿಕೊಂಡ ಸ್ನೇಹಿತನ ಮುಖದಲ್ಲಿ ಎಂಥ ಕಳೆ ಬಂದಿದೆ ಎಂಬುದನ್ನೆಲ್ಲ ಆನಂದ್ ವಿವರಿಸುತ್ತಿದ್ದರೆ, ಹೆಣ್ಣು ಕೊಡುವ ಮನೆಯವರು ಕೂಡ ಗಂಡಿನ ಬಗ್ಗೆ ಇಷ್ಟು ವಿಚಾರಿಸುವುದಿಲ್ಲವಲ್ಲ ಎಂದು ನಾನು ಬೆರಗಾಗಿ ಕೂತಿದ್ದೆ.

ನಡುವೆ ಒಮ್ಮೆ ಬಾಯಿಬಿಟ್ಟು, ನನಗೆ ಮುಖ್ಯವಾಗಿ ಬೇಕಾದದ್ದು ಬಣ್ಣವನ್ನು ಇದ್ದ ಹಾಗೆ ತೋರಿಸುವ ಮಾನಿಟರು ಎಂದೆ. ಬಜೆಟ್ಟಿನ ಬಹುಭಾಗವನ್ನು ತಾವೊಬ್ಬರೇ ನುಂಗಿ ಕೂತಿದ್ದುದರಿಂದ ಮಾನಿಟರಿಗೆ ಏನೂ ಉಳಿದಿರಲಿಲ್ಲ. 'ಕಾರ್ಡ್ ಚೆನ್ನಾಗಿದ್ರೆ ಬಣ್ಣ ತಾನಾಗೇ ಬರುತ್ತೆ ಅತ್ತಿಗೆ. ಸ್ಕ್ರೀನಿಗೆ ನಮ್ಮ ಹಳೇ ಟೀವಿ ಇಲ್ವಾ?' ಎಂದು ಆನಂದ್ ಸಮಾಧಾನ ಹೇಳಿದ. ಆ ಟೀವಿಯಲ್ಲಿ ವಾರ್ತೆ ಓದುವವರಿಗೆಲ್ಲ ಕಾಮಾಲೆಯಾಗಿ ವರ್ಷಗಳೇ ಕಳೆದಿದ್ದವು. ಯಜಮಾನರು ಟೀವಿಯ ಕಡೆಗೊಮ್ಮೆ ತಿರುಗಿ, ನೋಡೋಣ ಎಂದರು.

ಇನ್ನು ಜಾಗದ ವಿಚಾರ. ನಮ್ಮ ಅತ್ತೆ ಲಕ್ಷ್ಮಿದೇವಮ್ಮನವರು ಈ ಮನೆಯನ್ನು ಅವರ ಮಾವನ ಹೊಲದ ಮೇಲೆ, ವಾಸ್ತುವಿನ ಗೆರೆ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕಟ್ಟಿಸಿದವರು. 'ಕರೆಂಟು ಅಂದ್ರೆ ಬೆಂಕಿ ತಾನೆ. ಬೆಂಕಿ ಆಗ್ನೇಯದಲ್ಲೇ ಇರ್ಬೇಕು, ನಿಮ್ಮ ಕಂಪ್ಯೂಟರ್ ಏನು ಮೇಲಿಂದ ಇಳಿದು ಬಂದಿದ್ಯಾ' ಎಂದು ಅವರು ತೀರ್ಪು ಕೊಟ್ಟರು. ನಮ್ಮ ಮನೆಯ ಆಗ್ನೇಯ ಎಂದರೆ ಅಡುಗೆಮನೆ. ಅಲ್ಲಿ ಒಲೆಯ ಪಕ್ಕ ಕಡಪ ಕಲ್ಲಿನ ನಡುವೆ ರಾಗಿ ಡಬ್ಬ ಕೂರುತ್ತಿದ್ದ ಒಂದು ಗೂಡಿದೆ. ರಾಗಿ ಡಬ್ಬಕ್ಕೆ ವರ್ಗಾವಣೆಯಾಯಿತು. ನಾನು ರವಿಕೆ ಅಳೆಯುವ ಟೇಪು ತಂದುಕೊಟ್ಟೆ, ಅತ್ತೆಯವರು ಗೂಡನ್ನು ಅಳೆದರು, ಗೂಡಿಗೆ ಸರಿಯಾಗಿ ಕೂರುವ ಕಂಪ್ಯೂಟರ್ ಕ್ಯಾಬಿನೆಟ್ಟನ್ನು ಆನಂದ್ ಕೊಂಡು ತಂದ. ಒಳಗೆ ಕೂರಬೇಕಾದವರ ಅಳತೆಯನ್ನು ಯಾರಾದರೂ ಕೇಳಬೇಕಿತ್ತು ಎಂದು ತಾವು ಹೇಳಬಹುದು. ದಯವಿಟ್ಟು ಯೋಚಿಸಿ ನೋಡಿ, ಗಣ್ಯರನ್ನು ಮನೆಗೆ ಕರೆಯುವಾಗ ನಿಮ್ಮ ಉದ್ದ ಎಷ್ಟು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ತಾವು ಬಿಜಯಂಗೈದ ದಿನ ನನಗೆ ಚೆನ್ನಾಗಿ ನೆನಪಿದೆ. ಹೊಸ ವಸ್ತು ಒಳಗೆ ಬಂದ ಮೇಲೆ ಪೂಜೆಯಾಗದೆ ಸ್ವಿಚ್ಚು ಒತ್ತುವ ಮಾತೇ ಇಲ್ಲವಾದ್ದರಿಂದ, ಅತ್ತೆಯವರು ಭಾಗಗಳನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ಕೂರಿಸಿ ಅರಿಶಿನ ಕುಂಕುಮ ಹಚ್ಚುತ್ತಾ ಬಂದರು. ಪ್ರೊಸೆಸರಿಗೆ ಹಚ್ಚಲು ಹೋದಾಗ ಆನಂದ್ ಅವರ ಕೈಹಿಡಿದು ತಡೆದ. ಆ ಗಡಿಬಿಡಿಯಲ್ಲಿ ತಮ್ಮನ್ನು ಕಾಯಲಾಗಲಿಲ್ಲ. ನಡುವಿನ ಫ್ಯಾನಿನ ಮೇಲೆ, ಕಂಪನಿಯ ಮುದ್ರೆ ಇರುವ ಜಾಗಕ್ಕೇ ಸರಿಯಾಗಿ, ದುಂಡನೆಯ ಕುಂಕುಮ ಬಿತ್ತು. ಆಮೇಲೆ ಆರತಿಯಾಯಿತು. ಆಮೇಲೆ ಆನಂದ್ ತಮ್ಮನ್ನು ಎರಡು ಕೈಯಲ್ಲಿ ಎತ್ತಿಕೊಂಡು ಕ್ಯಾಬಿನೆಟ್ಟಿನ ಒಳಗೆ ಇಳಿಸಲು ಹೋದರೆ ತಾವು ಎರಡು ಇಂಚಿನಷ್ಟು ಹೆಚ್ಚು ಉದ್ದ.

ಆ ಎರಡು ಇಂಚಿಗಾಗಿ ನಮ್ಮ ಮನೆಯಲ್ಲಿ ನಡೆದ ಪ್ರಯತ್ನಗಳನ್ನು ತಾವೇ ಕಣ್ಣಾರೆ ಕಂಡಿದ್ದೀರಿ. ತಮ್ಮನ್ನು ಓರೆಯಾಗಿಸಿ ನೋಡಿದರು, ತಲೆಕೆಳಗಾಗಿಸಿ ನೋಡಿದರು. ಕ್ಯಾಬಿನೆಟ್ಟನ್ನೇ ಬದಲಾಯಿಸೋಣವೆಂದರೆ ದೊಡ್ಡದು ಗೂಡಿಗೆ ಹಿಡಿಸುವುದಿಲ್ಲ. ಗೂಡನ್ನು ಒಡೆಯೋಣವೆಂದರೆ ಅತ್ತೆಯವರಿಗೆ ಹಿಡಿಸುವುದಿಲ್ಲ. ಹಾಲಿಗೆ ತರೋಣವೆಂದು ಆನಂದ್ ಗೋಗರೆದಾಗ, 'ಬೆಂಕೀನ ಈಶಾನ್ಯದಲ್ಲಿ ಇಟ್ಕೊಂಡು ಮನೆ ಉದ್ಧಾರ ಆಗುತ್ತೇನೋ?' ಎಂದು ಅವರು ಕೇಳಿದ ಮೇಲೆ ಚರ್ಚೆ ಮುಗಿಯಿತು. ತಮ್ಮನ್ನು ದೇವರ ಕೋಣೆಯಲ್ಲಿ ಕೂರಿಸಲಾಯಿತು. ದಿನಾ ಬೆಳಿಗ್ಗೆ ಒಂದು ಹೂವು, ಸಂಜೆ ಊದುಬತ್ತಿ. ಕೆಲಸವಿಲ್ಲದೆ ಇಷ್ಟು ಮರ್ಯಾದೆ ಪಡೆದವರನ್ನು ನಾನು ಈ ಮನೆಗೆ ಬಂದ ಮೇಲೆ ಕಂಡೇ ಇರಲಿಲ್ಲ.

ಕೆಲಸ ಮಾಡುವವರ ಕತೆ ಬೇರೆ. ತಾವಿಲ್ಲದಿದ್ದರೂ ಆ ಬಡ ಪ್ರೊಸೆಸರು ತನ್ನೊಳಗೇ ಇದ್ದ ಅಲ್ಪಸ್ವಲ್ಪ ಚಿತ್ರಶಕ್ತಿಯಿಂದ ಯಂತ್ರವನ್ನು ಓಡಿಸಿತು. ಆನಂದನ ಆಟಗಳು ಅದರಲ್ಲಿ ತೆವಳಿದವು. ನನ್ನ ಪೋಸ್ಟರುಗಳು ನೆಟ್ಟಗೆ ನಡೆದವು. ಒಂದು ಕಡೆ ಕುಕ್ಕರಿನ ಶೀಟಿಗೆ ಕಿವಿ ಕೊಟ್ಟು, ಇನ್ನೊಂದು ಕಡೆ ಪರದೆಯ ಮೇಲೆ ಸೀರೆಯ ಚಿತ್ರದ ಅಂಚನ್ನು ಕತ್ತರಿಸುತ್ತಾ, ಒಗ್ಗರಣೆಯ ಹೊತ್ತಿಗೆ ಕ್ಯಾಬಿನೆಟ್ಟಿನ ಮೇಲೆ ಬಟ್ಟೆ ಮುಚ್ಚುತ್ತಾ, ಕಸ್ತೂರೆವ್ವನವರ ಆಷಾಢ ಸೇಲಿನ ಕರಪತ್ರವನ್ನು ಮುಗಿಸಿದೆ. ಕಾಮಾಲೆ ಟೀವಿಯಲ್ಲಿ ಬಣ್ಣ ನೋಡಿ ಮಾಡಿದ ಕೆಲಸ ಅದು. ಪರದೆಯ ಮೇಲೆ ದಾಳಿಂಬೆ ಕೆಂಪು ಬರುವವರೆಗೂ ತಿದ್ದಿದೆ; ಅಚ್ಚಾಗಿ ಬಂದದ್ದು ಇಟ್ಟಿಗೆಯ ಕೆಂಪು.

ಕಸ್ತೂರೆವ್ವನವರು ನನ್ನನ್ನು ಅಂಗಡಿಗೆ ಕರೆಸಿ, ಬೈಯದೆ, ಸೀರೆಯ ಸೆರಗನ್ನು ಕರಪತ್ರದ ಪಕ್ಕಕ್ಕಿಟ್ಟರು. 'ನೀನೇ ನೋಡವಾ. ಈ ಕೆಂಪು ನಮ್ಮದಲ್ಲ. ವರಮಹಾಲಕ್ಷ್ಮಿ ಹಬ್ಬದ ಪೋಸ್ಟರ್ ಒಂದ್ ಮಾಡಿಕೊಡು, ಅದೂ ಹಿಂಗ ಬಂದ್ರ ನಾ ಬ್ಯಾರೆ ಕಡೆ ಕೊಡತೀನಿ' ಎಂದರು. ಬೈದಿದ್ದರೆ ಮನೆಗೆ ಬಂದು ಅಳುತ್ತಿದ್ದೆ. ಅವರು ಹೇಳಿದ್ದು ನ್ಯಾಯವಾಗಿದ್ದರಿಂದ ದಾರಿಯಲ್ಲೇ ಅಳು ಬಂತು. ಮತ್ತೆ ಆ ಪ್ರೆಸ್ಸಿನಲ್ಲಿ, ಕುರ್ಚಿ ಖಾಲಿಯಾಗಲಿ ಎಂದು ಇನ್ನೊಬ್ಬರ ಬೆನ್ನು ನೋಡುತ್ತಾ ನಿಲ್ಲುವುದನ್ನು ನೆನೆಸಿಕೊಂಡೆ, ಮಹೋದಯರೇ, ಮತ್ತು ನಮ್ಮ ದೇವರ ಕೋಣೆಯಲ್ಲಿ ನನ್ನ ಮಾನಿಟರನ್ನು ನುಂಗಿ ತಣ್ಣಗೆ ಕೂತಿದ್ದ ತಮ್ಮನ್ನೂ ನೆನೆಸಿಕೊಂಡೆ.

ಅಂದು ಊಟಕ್ಕೆ ಬಡಿಸುತ್ತಾ, ಕಾರ್ಡನ್ನು ವಾಪಸು ಕೊಟ್ಟು ಮಾನಿಟರ್ ತರುತ್ತೇನೆಂದೆ. ಅಂಗಡಿಯಲ್ಲಿ 'ನಂಗೆ ಎಲ್ಲಾ ಗೊತ್ತು ಗುರು, ನೀವು ಬಿಲ್ ಹಾಕಿ' ಎಂದು ಬಂದಿದ್ದ ಆನಂದ್, ಈಗ ಯಾವ ಮುಖ ಇಟ್ಕೊಂಡು ಹೋಗಲಿ ಎಂದು ತಟ್ಟೆ ನೋಡಿದ. ಯಜಮಾನರು ಬಾಯಿ ತೆರೆಯುವ ಮೊದಲೇ, 'ನೋಡಿದ್ದು ಸಾಕು, ನಾಳೆ ನಾನೇ ಹೋಗ್ತೀನಿ' ಎಂದುಬಿಟ್ಟೆ. ಸಾರು ಯಾರೂ ಎರಡನೇ ಸಲ ಕೇಳಲಿಲ್ಲ. ಅತ್ತೆಯವರು ಮಜ್ಜಿಗೆ ಅನ್ನ ಕಲಸುತ್ತಾ, 'ಹಂಗೇ ಬರಿದಾಗಿ ಕಳಿಸ್ಬೇಡ, ಹೂವು ಇಟ್ಟು ಕಳಿಸು' ಎಂದರು. ಅದೇ ಅನುಮತಿ.

ಹೀಗೆ ತಾವು ಒಂದು ಎಳೆ ಮಲ್ಲಿಗೆಯೊಡನೆ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕೂತು ರಾಜಾಜಿನಗರಕ್ಕೆ ಪ್ರಯಾಣ ಮಾಡಿದಿರಿ. ಪಕ್ಕದ ಆಂಟಿ ಹೊಸ ಮಿಕ್ಸಿನಾ ಎಂದು ಕೇಳಿದಾಗ ನಾನು ಹೌದೆಂದದ್ದು ತಮ್ಮ ಮನಸ್ಸಿಗೆ ನೋವು ಮಾಡಿದ್ದರೆ ಕ್ಷಮೆಯಿರಲಿ. ಅಂಗಡಿಯ ಮೋಹನ್ ಕುಮಾರ್ ಅವರು ಪೆಟ್ಟಿಗೆ ತೆರೆದು ತಮ್ಮ ಹಣೆ ನೋಡಿ, 'ಏನ್ ಮೇಡಂ ಇದು, ಪೂಜೆ ಆಗಿರೋ ಪೀಸ್ ಎಕ್ಸ್‌ಚೇಂಜ್ ಆಗಲ್ಲ' ಎಂದರು. ಸೆರಗಿನ ತುದಿಯಿಂದ ಕುಂಕುಮ ಒರೆಸಲು ಕೈ ಮುಂದೆ ಮಾಡಿದೆ. ಆಗ ಅವರು ಗಾಬರಿಯಾಗಿ ಪೆಟ್ಟಿಗೆಯನ್ನೇ ಹಿಂದಕ್ಕೆ ಎಳೆದುಕೊಂಡು, 'ಶುಕ್ರವಾರ ಅಂಗಡೀಲಿ ನಿಂತ್ಕೊಂಡು ಕುಂಕುಮ ಅಳಿಸ್ತೀರಾ? ಬಿಡಿ ಮೇಡಂ, ಹಂಗೇ ಇರಲಿ' ಎಂದು ತಮ್ಮನ್ನು ಒಳಗೆ ಸೇರಿಸಿಕೊಂಡರು. ಅವರ ಗಲ್ಲಾಪೆಟ್ಟಿಗೆಗೂ, ಬಿಲ್ಲು ಹಾಕುವ ಯಂತ್ರಕ್ಕೂ ಅವತ್ತೇ ಇಟ್ಟ ಕುಂಕುಮವಿತ್ತೆಂಬುದನ್ನು ನಾನು ಆಮೇಲೆ ಗಮನಿಸಿದೆ.

ನಾನು ಬ್ಯಾಗಿನಿಂದ ಕಸ್ತೂರೆವ್ವನವರು ಬಣ್ಣದ ಮಾದರಿಗೆಂದು ಕೊಟ್ಟಿದ್ದ ಸೆರಗಿನ ತುಂಡನ್ನು ತೆಗೆದು, ಅದರ ಫೋಟೋವನ್ನು ಒಂದೊಂದು ಮಾನಿಟರಿನಲ್ಲೂ ಹಾಕಿಸಿ, ಬಟ್ಟೆಯನ್ನು ಪರದೆಗೆ ಹಿಡಿಯುತ್ತಾ ಹೋದೆ. ಒಂದರಲ್ಲಿ ಟೊಮೆಟೊ, ಒಂದರಲ್ಲಿ ಇಟ್ಟಿಗೆ, ಇನ್ನೊಂದರಲ್ಲಿ ಬೀಟ್‌ರೂಟು. ಮೂಲೆಯಲ್ಲಿ ದೀಪಗೀಪ ಏನೂ ಇಲ್ಲದೆ ಸಪ್ಪಗೆ ಕೂತಿದ್ದ ಒಂದು ಮಾನಿಟರಿನ ಮುಂದೆ ಹಿಡಿದಾಗ ಬಟ್ಟೆ ಎಲ್ಲಿ ಮುಗಿಯಿತು, ಪರದೆ ಎಲ್ಲಿ ಶುರುವಾಯಿತು ಎಂದು ನನಗೇ ತಿಳಿಯಲಿಲ್ಲ. ಅದನ್ನೇ ಕೊಡಿ ಎಂದೆ.

ಈಗ ನನ್ನ ವಿನಂತಿಗಳು. ಮುಂದಿನ ಮನೆಗೆ ಹೋಗುವ ಮೊದಲು ತಾವು ದಯವಿಟ್ಟು ಎರಡು ಇಂಚು ಕುಗ್ಗಬೇಕು. ಅದು ಸಾಧ್ಯವಿಲ್ಲದಿದ್ದರೆ ಮನೆಯವರ ಆಗ್ನೇಯವನ್ನು ಎರಡು ಇಂಚು ಹಿಗ್ಗಿಸಬೇಕು. ಮೂರು ಫ್ಯಾನುಗಳಿರುವುದರಿಂದ ಬಿಡುವಿನ ವೇಳೆಯಲ್ಲಿ ಒಂದರಲ್ಲಿ ಹಪ್ಪಳ ಒಣಗಿಸಲು ಅವಕಾಶ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಮನೆಯ ಸಭೆಯಲ್ಲಿ ತಮ್ಮ ಗುಣಗಾನ ನಡೆಯುವಾಗ ಮೂಲೆಯಲ್ಲಿ ಒಬ್ಬಳು 'ಮಾನಿಟರು' ಎಂದು ಮೆಲ್ಲಗೆ ಅಂದರೆ, ಆ ಯಂತ್ರದ ಮುಂದೆ ಕೂತು ಕೆಲಸ ಮಾಡಬೇಕಾದವಳು ಅವಳೇ ಎಂದು ತಾವಾದರೂ ಹೇಳಬೇಕು. ತಮ್ಮ ಮಾತನ್ನು ಎಲ್ಲರೂ ಕೇಳುತ್ತಾರೆ.

ಹಬ್ಬದ ಪೋಸ್ಟರನ್ನು ಮೊನ್ನೆ ಕಸ್ತೂರೆವ್ವನವರಿಗೆ ಒಪ್ಪಿಸಿದೆ. ಅವರು ಮೊದಲಿನ ಹಾಗೆಯೇ ಸೆರಗನ್ನು ಪಕ್ಕಕ್ಕೆ ಇಟ್ಟು, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು. 'ಇದು ನಮ್ಮ ಕೆಂಪು' ಎಂದರು. ಆಮೇಲೆ ದೀಪಾವಳಿಯ ಕೆಲಸದ ಮಾತು ಶುರು ಮಾಡಿದರು.

ತಮ್ಮ ಉದ್ದಕ್ಕೆ ತಲೆಬಾಗಿ, ಒಲೆಯ ಮೇಲೆ ಹಾಲಿಟ್ಟಿರುವುದರಿಂದ ಇಲ್ಲಿಗೆ ಮುಗಿಸುವ,
ತಮ್ಮ ವಿಶ್ವಾಸಿ,
ಶಶಿಕಲಾ ಯೋಗಾನಂದ,
ಮೂಡಲಪಾಳ್ಯ

ತಾಜಾಕಲಂ: ಆನಂದ್ ತಮ್ಮನ್ನು ಮರೆತಿಲ್ಲ. ಕೆಲಸದಿಂದ ಬಂದವನೇ ಅಡುಗೆಮನೆಗೆ ಸ್ಟೂಲು ಎಳೆದುಕೊಂಡು, ನನ್ನ ಮಾನಿಟರಿನಲ್ಲಿ ತಮ್ಮ ಗುಣಗಾನದ ವಿಡಿಯೋಗಳನ್ನು ಹಾಕಿಕೊಂಡು ಕೂರುತ್ತಾನೆ. ನಿನ್ನೆ ಅವನ ಕೈಗೆ ಬೆಳ್ಳುಳ್ಳಿ ಸುಲಿಯಲು ಕೊಟ್ಟಿದ್ದೆ. ಸುಲಿಯುತ್ತಲೇ, 'ಅತ್ತಿಗೆ, ಈ ಸ್ಕ್ರೀನಲ್ಲಿ ಕಾರ್ಡು ಎಷ್ಟ್ ಚೆನ್ನಾಗಿ ಕಾಣುತ್ತೆ ನೋಡಿ' ಎಂದ. ನಿಜವೇ. ನಮ್ಮ ಮನೆಯಲ್ಲಿ ತಾವು ಪೂರ್ತಿಯಾಗಿ ಹಿಡಿಸುವ ಜಾಗ ಅದೊಂದೇ.