ಕಪ್ಪಾಗಲೊಲ್ಲದ ತೊಗಲು

ನಮ್ಮ ಸೋದರಮಾವ ಜೋಡು ಬಿಡುವುದು ಜಗತ್ತಿನ ಎರಡೇ ಜಾಗಗಳಲ್ಲಿ. ಒಂದು, ಮಸ್ಕಿಯ ಗುಡ್ಡದ ಮೇಲಿನ ಗುಡಿಯ ಬಾಗಿಲಲ್ಲಿ. ಇನ್ನೊಂದು, ತನ್ನ ಮನೆಯ ಹೊಸ್ತಿಲಲ್ಲಿ. ಮೊದಲನೆಯದು ದೇವರ ಮೇಲಿನ ಭಕ್ತಿಯಿಂದ, ಎರಡನೆಯದು ಅತ್ತೆಯ ಮೇಲಿನ ಭಯದಿಂದ. ಎರಡರಲ್ಲಿ ಯಾವುದು ಗಟ್ಟಿ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ತನ್ನ ಅಂಗಾಲು ನೋಡುವ ಯೋಗ್ಯತೆಯುಳ್ಳ ಮೂರನೆಯ ಜಾಗ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂಬುದು ಮಾವನ ಸಿದ್ಧಾಂತ.

ಇದು ನಾನು ಕಟ್ಟಿ ಹೇಳಿದ ಮಾತಲ್ಲ. ಮಾವನದು ಮಸ್ಕಿಯಲ್ಲಿ ಕಿರಾಣಿ ಅಂಗಡಿ. ನಿಜಾಮರ ಕಾಲದಲ್ಲಿ ಆ ಅಂಗಡಿಯ ಎಣ್ಣೆಯ ಬಗ್ಗೆ ಯಾರೋ ಅರ್ಜಿ ಕೊಟ್ಟು, ಲಿಂಗಸುಗೂರಿನ ಕಚೇರಿಯಿಂದ ಕರೆ ಬಂದಿತ್ತು. ಬಾಗಿಲಲ್ಲಿದ್ದ ಜವಾನ, "ಜೋಡು ಹೊರಗ ಬಿಟ್ಟು ಒಳಗ ಬಾ" ಅಂದ. "ಜೋಡು ಹೊರಗ ಇರೋದಾದ್ರ ಅದರ ಸಂಗಾಟ ನಾನೂ ಹೊರಗ ಇರ್ತೀನಿ" ಅಂದ ಮಾವ. ಹೊಸ್ತಿಲಾಚೆ ನಿಂತೇ, ಒಳಗೆ ಕೂತ ಸಾಹೇಬರ ಪ್ರತಿಯೊಂದು ಪ್ರಶ್ನೆಗೂ ಕೂಗಿ ಕೂಗಿ ಉತ್ತರ ಕೊಟ್ಟ. ಅಧಿಕಾರಕ್ಕೆ ಮಣಿಯದ ಆ ಧೀರತನದ ಫಲವಾಗಿ, ನಮ್ಮ ಅಂಗಡಿಯ ಕುಸುಬಿ ಎಣ್ಣೆಯಲ್ಲಿ ಕುಸುಬಿ ಎಷ್ಟು ಎಂಬುದು ಅಂದು ಸಂತೆಗೆ ಬಂದಿದ್ದ ಇಡೀ ತಾಲೂಕಿಗೆ ತಿಳಿಯಿತು.

ಇಂಥ ಮನುಷ್ಯನಿಗೆ ಒಂದು ಬೇಸಿಗೆಯಲ್ಲಿ ತೊಗಲಿನ ಹುಚ್ಚು ಹಿಡಿಯಿತು. ಕಾರಣ ನಾನು ಎಂದು ಅತ್ತೆ ಈಗಲೂ ಹೇಳುತ್ತಾಳೆ.

ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಸಿಂಧನೂರಿನ ನಮ್ಮ ಮನೆಗೆ ಬಂದಾಗ ನಿಜಾಮರ ಸರ್ಕಾರ ಹೋಗಿ ಮೂರ್ನಾಲ್ಕು ವರ್ಷವಾಗಿತ್ತು. ಮಸ್ಕಿಯಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ಆಗುತ್ತದೆ, ಮಾಸ್ತರಿಣಿ ಬೇಕಾಗಿದ್ದಾಳೆ ಎಂಬ ಸುದ್ದಿ ತಂದವನು ಮಾವ. ಅಪ್ಪ ಒಲ್ಲದ ಮನಸ್ಸಿನಿಂದ ಒಪ್ಪಿದರು, ಒಂದು ಶರತ್ತಿನ ಮೇಲೆ. "ಅಲ್ಲಿ ಕಟ್ಟಿ ಮ್ಯಾಲೆ ಕುಂತವರ ಬಾಯಿಂದ ನಿನ್ನ ಮ್ಯಾಗ ಒಂದು ಮಾತು ಬಂತಂದ್ರ ಸಾಕು, ಮರುದಿನದ ಬಸ್ಸಿಗೆ ವಾಪಸ್ ಬರಬೇಕು." ವಾಪಸ್ ಬಂದರೆ ನನಗಾಗಿ ಏನು ಕಾದಿದೆ ಎಂದು ಅವರು ಹೇಳಲಿಲ್ಲ. ಬೇಕಾಗಿರಲಿಲ್ಲ. ಜಾತಕದ ಕಟ್ಟು ಗೋಡೆಯ ಗೂಡಿನಲ್ಲಿ ಕಾಣುವ ಹಾಗೆಯೇ ಇತ್ತು.

ಆ ಬೇಸಿಗೆಗೇ ನಾನು ಮಸ್ಕಿಯ ಮಾವನ ಮನೆಗೆ ಬಂದೆ. ಅಲ್ಲಿಯ ಆ ಕಟ್ಟೆಯ ಬಗ್ಗೆ ಹೇಳಬೇಕು. ಮಾವನ ಮನೆಯಿಂದ ಶಾಲೆಗೆ ಹೋಗುವ ದಾರಿ ಒಂದೇ, ಅದರ ನಡುವೆ ಬೇವಿನ ಮರ, ಮರದ ಸುತ್ತ ಕಟ್ಟೆ, ಕಟ್ಟೆಯ ಮೇಲೆ ಊರಿನ ಹಿರಿಯರು. ಅವರ ಮುಂದೆ ಹಾಯುವ ಹೆಂಗಸು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹೋಗಬೇಕು. ದಾಟಿದ ಮೇಲೆ ಮತ್ತೆ ಮೆಟ್ಟಿಕೊಳ್ಳಬಹುದು. ಹಿರಿಯರಿಗೆ ಮರ್ಯಾದೆ ಸಲ್ಲುವುದು ನಮ್ಮ ಅಂಗಾಲು ಸುಡುವಷ್ಟು ದೂರ ಮಾತ್ರ.

ನನಗೆ ಬೇಕಾಗಿದ್ದು ಯಾರ ಕಣ್ಣಿಗೂ ಬೀಳದಂಥ ಕಪ್ಪು ಚಪ್ಪಲಿ. ನಮ್ಮ ಕಡೆಯ ತೊಗಲಿನ ಚಪ್ಪಲಿಗಳಿಗೆ ಕಪ್ಪು ಬಣ್ಣವನ್ನೇ ಹಾಕಿರುತ್ತಾರೆ, ಆದರೆ ಅವು ಹೆಜ್ಜೆಗೊಮ್ಮೆ ಕಿರ್ರೆನ್ನುತ್ತವೆ. ಮೆಟ್ಟಿದವರು ಇನ್ನೂ ಓಣಿಯ ತಿರುವಿನಲ್ಲಿರುವಾಗಲೇ ಅವರ ಸುದ್ದಿ ಕಟ್ಟೆಗೆ ಮುಟ್ಟಿರುತ್ತದೆ. ನಾನು ಸದ್ದು ಮಾಡದ ಚಪ್ಪಲಿ ಬೇಕು ಎಂದೆ.

"ಅಷ್ಟ ಏನು? ಮಾಡಸ್ತೀನಿ" ಅಂದ ಮಾವ. "ಖರೇ ಒಂದು ಮಾತು. ಕಟ್ಟಿ ಮುಂದ ಅವನ್ನ ಕೈಯಾಗ ಹಿಡಿಯಂಗಿಲ್ಲ. ಪುಸ್ತಕ ಹಿಡಿಯೋ ಕೈಯಾಗ ಚಪ್ಪಲಿ ಹಿಡೀತಿಯೇನು?"

"ಎರಡು ಕೈ ಅದಾವಲ್ಲ ಮಾವ."

ಮಾವನಿಗೆ ನನ್ನ ತರ್ಕ ಹಿಡಿಸಲಿಲ್ಲ. ನನಗೆ ಅವನ ಧೈರ್ಯ ಹಿಡಿಸಲಿಲ್ಲ, ಏಕೆಂದರೆ ಅದನ್ನು ಅವನು ತೋರಿಸಲಿದ್ದದ್ದು ನನ್ನ ಕಾಲಿನಿಂದ. 

ಮುಂದಿನ ವಾರ ರಾಯಚೂರಿಗೆ ಹೋದವನು ಒಂದು ಸುರುಳಿ ಹೊತ್ತು ತಂದ. ಅಲ್ಲಿ ಹೆಂಗಸರ ಚಪ್ಪಲಿ ಸಿದ್ಧವಾಗಿಯೇ ಸಿಗುತ್ತಿದ್ದವು. ಅಷ್ಟು ಸುಲಭದ ದಾರಿ ಹಿಡಿದರೆ ಅವನು ನಮ್ಮ ಮಾವ ಹೇಗಾದಾನು? ಅವನು ತಂದದ್ದು ಕ್ರೋಮ್ ಚರ್ಮ, ಹೊಸ ನಮೂನೆಯದು. ನಮ್ಮಲ್ಲಿ ತಂಗಡಿ ಗಿಡದ ತೊಗಟೆಯಲ್ಲಿ ನೆನೆಹಾಕಿ ಹದ ಮಾಡಿದ ತೊಗಲು ಕೆಂಪಗೆ, ಬಿರುಸಾಗಿರುತ್ತದೆ. ಇದು ಯಾವುದೋ ಕಾರಖಾನೆಯ ರಸಾಯನದಲ್ಲಿ ಹದಗೊಂಡು, ನೀಲಿ ಮಿಶ್ರಿತ ಬೂದಿ ಬಣ್ಣಕ್ಕಿತ್ತು. ಬಟ್ಟೆಯಂತೆ ಮೆತ್ತಗೆ. ಮಡಚಿದರೂ ಸದ್ದಿಲ್ಲ.

ಅತ್ತೆ ಬಾಗಿಲಲ್ಲೇ ತಡೆದಳು. "ಈಬತ್ತಿ ಹಚ್ಕೊಂಡು ಲಿಂಗಪೂಜಿ ಮಾಡೋ ಮನಿ ಇದು. ತೊಗಲು ಒಳಗ ಬಂದ್ರ ನಾ ಪಾಮನಕಲ್ಲೂರಿಗೆ ಹೋಗ್ತೀನಿ."

ಪಾಮನಕಲ್ಲೂರು ಅತ್ತೆಯ ತವರು. ಆಕೆ ಮದುವೆಯಾದ ವರ್ಷದಿಂದಲೂ ಅಲ್ಲಿಗೆ ಹೊರಡುತ್ತಲೇ ಇದ್ದಾಳೆ. ಇಬ್ಬರ ನಡುವೆ ರಾಜಿಯಾಗಿ ತೊಗಲು ಹಿತ್ತಲಿನ ಕೊಟ್ಟಿಗೆಗೆ ಹೋಯಿತು. ಆ ಬೇಸಿಗೆ ಎಮ್ಮೆ ಹಾಲು ಕಡಿಮೆ ಕೊಟ್ಟಿತು. ತನ್ನ ಬಳಗದವರ ಚರ್ಮವನ್ನು ಎದುರಿಗೇ ನೇತುಹಾಕಿದ್ದನ್ನು ಅದು ನೋಡುತ್ತಿತ್ತಲ್ಲ, ಅದರ ಕಡೆಯಿಂದ ನೋಡಿದರೆ ನ್ಯಾಯವೇ.

ಬಣ್ಣ ಹಾಕಲು ಬಂದವರು ಚಪ್ಪಲಿ ಹೊಲಿಯುವ ಸಾಬರು. ಮಾವ ಅವರನ್ನು ಉಸ್ತಾದ್ ಎನ್ನುತ್ತಿದ್ದ. ತಮಗೆ ತಿಳಿಯದ ವಿಷಯ ತೊಗಲಿನಲ್ಲಿ ಇಲ್ಲ ಎಂದು ಅವರು ಮೊದಲ ದಿನವೇ ಹೇಳಿದರು. ಹಳೆಯ ಕಬ್ಬಿಣದ ಚೂರು, ಬೆಲ್ಲ, ನೀರು ಕೂಡಿಸಿ ಕೊಳೆಹಾಕಿದ ಗಡಿಗೆಯೊಂದು ಅವರ ಹತ್ತಿರ ಇತ್ತು. 

"ನೋಡ್ರಿ ಸಾವ್ಕಾರ್ರೆ, ನಮ್ಮ ಚಮಡಾ ಈ ನೀರು ಮುಟ್ಟಿದ್ರ ಸಾಕು, ಅಮಾಸಿ ಕತ್ತಲಾಗಿ ಬಿಡ್ತದ."

ಹೊಸ ತೊಗಲು ಮುಟ್ಟಿತು. ಕತ್ತಲಾಗಲಿಲ್ಲ. ಮಳೆಗೆ ನೆನೆದ ತಗಡಿನ ಡಬ್ಬಿಯ ತುಕ್ಕು ಬಣ್ಣಕ್ಕೆ ತಿರುಗಿ ಅಲ್ಲಿಯೇ ನಿಂತಿತು. ಮತ್ತೆ ಅದ್ದಿದರು, ಬಿಸಿಲಿಗೆ ಹಾಕಿದರು, ಗಡಿಗೆಯಲ್ಲೇ ರಾತ್ರಿಯೆಲ್ಲ ಮುಳುಗಿಸಿಟ್ಟರು. ತುಕ್ಕು ಇನ್ನಷ್ಟು ತುಕ್ಕಾಯಿತು.

"ಇದು ಹಟಮಾರಿ ಮಾಲು ಅದರೀ" ಅಂದರು ಉಸ್ತಾದ್.

"ನಮ್ಮ ಮನಿಗೆ ಬಂದೈತಲ್ಲ, ಹೊಂದ್ಕೋತೈತಿ ಬಿಡು" ಎಂದು ಅತ್ತೆ ಅಡುಗೆಮನೆಯೊಳಗಿಂದ ಹೇಳಿದಳು.

ಕಪ್ಪು ಹತ್ತದಿದ್ದರೆ ಏನಾಯಿತು, ಬೇರೆ ಬಣ್ಣ ಹತ್ತುತ್ತದೇನೋ ನೋಡೋಣ ಎಂದು ಮಾವ ನೇಕಾರರ ಓಣಿಯಿಂದ ಸೀರೆಗೆ ಹಾಕುವ ಬಣ್ಣದ ಪುಡಿ ತಂದ. ಗುಲಾಬಿ. ಕಪ್ಪನ್ನು ಅಷ್ಟು ಹಟದಿಂದ ಒಲ್ಲೆನೆಂದ ತೊಗಲು ಗುಲಾಬಿಯನ್ನು ಕುಡಿದ ರಭಸ ನೋಡಬೇಕಿತ್ತು. ಗಡಿಗೆಯ ನೀರು ತಿಳಿಯಾಯಿತು, ತೊಗಲು ಉರಿಯಿತು. ಅಷ್ಟರಲ್ಲಿ ಲಿಂಗಸುಗೂರಿನಲ್ಲಿ ಶಾಲೆಯ ಕಮಿಟಿಯವರ ಮುಂದೆ ನಾನು ಹಾಜರಾಗುವ ದಿನ ಬಂತು. ಹೈದರಾಬಾದಿನಿಂದ ತಂದಿದ್ದ ಚಪ್ಪಲಿ ಆಗಲೇ ಹರಿದಿತ್ತು, ಉಸ್ತಾದ್ ಆ ಗುಲಾಬಿ ತೊಗಲಿನಲ್ಲೇ ಒಂದು ಜೊತೆ ಹೊಲಿದುಕೊಟ್ಟರು. ಸೀರೆಯ ಅಂಚನ್ನು ತಗ್ಗಿಸಿ ಉಟ್ಟು, ಬೆಂಕಿಯಂಥ ಗುಲಾಬಿ ಚಪ್ಪಲಿಯನ್ನು ಅದರೊಳಗೆ ಬಚ್ಚಿಟ್ಟುಕೊಂಡು ಬಸ್ಸು ಹತ್ತಿದೆ. ಮಾವ ಜೊತೆಗೆ.

ಸಂತೆಕಲ್ಲೂರಿನ ಹತ್ತಿರ ಬಸ್ಸು ಕೆಟ್ಟಿತು. ಬಿಸಿಲಲ್ಲಿ ಇಳಿದು ನಿಂತೆವು. ಕಾಲು ಬೆವರಿತು. ಮುಂದಿನದನ್ನು ಊಹಿಸಲು ಬಿ.ಎ. ಬೇಕಾಗಿಲ್ಲ.

ಕಮಿಟಿಯ ಮೂವರು ಹಿರಿಯರಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಚಪ್ಪಲಿಯನ್ನು ನಾನು ಬಾಗಿಲಲ್ಲೇ ಬಿಟ್ಟಿದ್ದೆ. ಆದರೆ ಬಾಗಿಲಿನಿಂದ ನನ್ನ ಕುರ್ಚಿಯವರೆಗೆ ಸುಣ್ಣದ ಗಾರೆಯ ಮೇಲೆ ಒಂದರ ಹಿಂದೊಂದು ಗುಲಾಬಿ ಹೆಜ್ಜೆಗಳು ಮೂಡಿದ್ದವು. ಸೇರು ಒದ್ದು ಬರುವ ಹೊಸ ಸೊಸೆಯ ಹೆಜ್ಜೆ ಕೂಡ ಅಷ್ಟು ಸ್ಪಷ್ಟವಾಗಿರುವುದಿಲ್ಲ.

"ಲಗ್ನ ನಿಕ್ಕಿ ಆಗೇತೇನಮ್ಮ?" ಎಂದು ಒಬ್ಬರು ಕೇಳಿದರು. "ಆಗಿದ್ರ ಈಗಲೇ ಹೇಳಿಬಿಡು. ನೌಕರಿ ಕೊಟ್ಟ ತಿಂಗಳಿಗೆ ಗಂಡನ ಮನಿಗೆ ಹೋಗ್ತೀನಿ ಅಂದ್ರ ಶಾಲಿ ಗತಿ ಏನು?"

ಆಗಿಲ್ಲ, ಆಗುವುದೂ ಇಲ್ಲ ಎಂದು ನಾನು ಅಗತ್ಯಕ್ಕಿಂತ ತುಸು ಜೋರಾಗಿ ಹೇಳಿದೆ ಎಂದು ಕಾಣುತ್ತದೆ. ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ, ಜೂನಿನಲ್ಲಿ ಬಂದು ಸೇರಿಕೊ, ಊರಿನವರು ನಿನ್ನ ನಡತೆಯ ಬಗ್ಗೆ ಚಕಾರ ಎತ್ತಬಾರದು ಎಂದರು. ಅಲ್ಲಿಗೆ ಅಪ್ಪನದೂ ಕಮಿಟಿಯದೂ ಶರತ್ತು ಒಂದೇ ಆಯಿತು.

ವಾಪಸ್ ಬರುವಾಗ ಮಾವ ಬಸ್ಸಿನಲ್ಲಿ ನನ್ನ ಚಪ್ಪಲಿಯನ್ನೇ ನೋಡುತ್ತ ಕೂತ. ಪಶ್ಚಾತ್ತಾಪವಿರಬಹುದು ಎಂದುಕೊಂಡೆ. ಮನೆ ಬಾಗಿಲಿಗೆ ಬಂದ ಮೇಲೆ, "ಗುಲಾಬಿ ಬ್ಯಾಡ ಬಿಡು. ನೀಲಿ ನೋಡೂನು" ಅಂದ.

ನೀಲಿ ನೋಡಿದ. ಹಸಿರು ನೋಡಿದ. ಅರಿಸಿನ, ದಾಳಿಂಬೆ ಸಿಪ್ಪೆ, ಮಿಠಾಯಿ ಅಂಗಡಿಯ ಜಿಲೇಬಿ ಬಣ್ಣ ಕೂಡ ನೋಡಿದ. ಹಿತ್ತಲಿನ ತಂತಿಯ ಮೇಲೆ ಬಣ್ಣಬಣ್ಣದ ತೊಗಲಿನ ತುಂಡುಗಳು ಸಾಲಾಗಿ ಜೋತುಬಿದ್ದವು. ತನ್ನ ಬಗ್ಗೆ ಮಾತಾಡಿದ ಊರಿನವರ ನಾಲಿಗೆಗಳನ್ನೆಲ್ಲ ಮಾವ ಕತ್ತರಿಸಿ ಒಣಹಾಕಿದಂತೆ ಕಾಣುತ್ತಿತ್ತು. ಬೆಳಿಗ್ಗೆ ಎದ್ದರೆ ಯಾವ ಬಣ್ಣದ ಕೈಯಿಂದ ಗಿರಾಕಿಗೆ ಸಕ್ಕರೆ ತೂಗುತ್ತಾನೋ ಹೇಳುವಂತಿರಲಿಲ್ಲ. "ಸಾವ್ಕಾರ, ಇವತ್ತು ಹಸಿರು ಕೈಯೇನು? ಹಂಗಾದ್ರ ಬೆಲ್ಲ ನಾಳಿ ಒಯ್ತೀನಿ" ಎನ್ನುತ್ತಿದ್ದರು ಜನ.

ಇದರ ಜೊತೆಗೆ ಹೊಸದೊಂದು ವಿಪರೀತ ಶುರುವಾಯಿತು. ಮಾವ ಕಾಲುಚೀಲ ಹಾಕತೊಡಗಿದ. ಅದೂ ಎಂಥ ಬೇಸಿಗೆಯಲ್ಲಿ? ಕಾಗೆಗಳು ಬಾಯಿ ತೆರೆದು ಕೂರುವ ಬೇಸಿಗೆಯಲ್ಲಿ! ಜೋಡು ಹೊಸ್ತಿಲಲ್ಲಿ ಬಿಟ್ಟರೂ ಕಾಲುಚೀಲ ಬಿಡುತ್ತಿರಲಿಲ್ಲ. ಊಟಕ್ಕೂ ಅದೇ, ಅಂಗಡಿಗೂ ಅದೇ.

"ಕಾಲಾಗ ಆಣಿ ಆಗ್ಯಾವ" ಅಂದ, ಕೇಳಿದ್ದಕ್ಕೆ.

"ತಲಿಯಾಗೂ ಆಗ್ಯಾವ. ಅದಕ್ಕೊಂದು ಚೀಲ ಹೊಲಸ್ರಿ" ಅಂದಳು ಅತ್ತೆ.

ಲಿಂಗಸುಗೂರಿಗೆ ಹೋಗಿ ಸಾಹೇಬರ ಕಾಲು ನೋಡಿ ಬಂದು ಇದೊಂದು ಹೊಸ ಶೋಕಿ ಎಂದು ನಾನು ತೀರ್ಮಾನಿಸಿದೆ. ನನ್ನ ನೌಕರಿ ಒಂದು ಎಳೆಯಲ್ಲಿ ತೂಗುತ್ತಿರುವಾಗ ಈ ಮನುಷ್ಯನಿಗೆ ಕಾಲಿನ ಅಲಂಕಾರ ಬೇಕಾಗಿದೆ ಎಂದು ಸಿಟ್ಟೂ ಬಂದಿತ್ತು. ನಾನು ಸಿಟ್ಟನ್ನು ಹೇಳುವವಳಲ್ಲ. ಅವನಿಗೆ ಬಡಿಸುವಾಗ ತುಪ್ಪ ಕಡಿಮೆ ಮಾಡಿದೆ.

ಕೊನೆಗೆ ಕಪ್ಪು ಬಂತು. ತಂದವಳು ಅತ್ತೆ. 

ಅತ್ತೆಗೆ ಎಲೆಯಡಿಕೆ ಚಟ. ಕಾಚು ಹೆಚ್ಚು ಹಾಕಿ ಅಗಿದು, ರಸವನ್ನು ಅಡುಗೆಮನೆಯ ಕಿಟಕಿಯಿಂದ ಹೊರಗೆ ಉಗುಳುತ್ತಾಳೆ. ಆ ಬೇಸಿಗೆಯಲ್ಲಿ ಆಕೆಯ ಗುರಿ ಬರಬರುತ್ತ ತಂತಿಯ ಮೇಲಿನ ತೊಗಲಿನ ಕಡೆಗೇ ತಿರುಗಿತ್ತು ಎಂದು ನನ್ನ ಅನುಮಾನ. ಒಂದು ದಿನ ಹಾಗೆ ಕಲೆಯಾದ ತುಂಡನ್ನು ಉಸ್ತಾದ್, ಕಲೆ ಮುಚ್ಚಲಿ ಎಂದು, ತಮ್ಮ ಕಬ್ಬಿಣದ ನೀರಿನಲ್ಲಿ ಅದ್ದಿದರು. ಎಲ್ಲೆಲ್ಲಿ ಉಗುಳು ಬಿದ್ದಿತ್ತೋ ಅಲ್ಲೆಲ್ಲ ಕಾಡಿಗೆಯಂಥ ಕಪ್ಪು. ಉಳಿದ ಕಡೆ ಹಳೆಯ ತುಕ್ಕು.

ಮಾವನೂ ಉಸ್ತಾದರೂ ಆ ತುಂಡನ್ನು ಹೊರಳಿಸಿ ಹೊರಳಿಸಿ ನೋಡಿದರು. ಆಮೇಲೆ ಹೊಳೆಯಿತು. ನಮ್ಮ ತೊಗಲನ್ನು ಕಪ್ಪು ಮಾಡುತ್ತಿದ್ದದ್ದು ಬರೀ ಕಬ್ಬಿಣವಲ್ಲ, ಅದರೊಳಗೆ ಮೊದಲೇ ಇಳಿದಿದ್ದ ತಂಗಡಿ ತೊಗಟೆಯ ಒಗರು. ಹೊಸ ತೊಗಲಿಗೆ ಆ ಒಗರೇ ಇರಲಿಲ್ಲ. ಅತ್ತೆಯ ಅಡಿಕೆ, ಕಾಚು ಅದನ್ನು ಒದಗಿಸಿದ್ದವು.

ಮಾವ ಕಿಟಕಿಯ ಕೆಳಗೆ ಬಂದು ತುಂಡನ್ನು ಎತ್ತಿ ಹಿಡಿದ. "ಇಲ್ಲೇ ಇನ್ನೊಮ್ಮೆ ಉಗುಳು ನೋಡೂನು."

"ಮದುವಿ ಆದಾಗಿಂದ ಇದೊಂದು ಮಾತಿಗೆ ಕಾಯಾಕತ್ತಿದ್ನಿ ನೋಡ್ರಿ" ಅಂದಳು ಅತ್ತೆ.

ಮುಂದೆ ಕೆಲಸ ಮರ್ಯಾದೆಯಿಂದಲೇ ನಡೆಯಿತು. ಅಡಿಕೆ ಚೂರು, ಕಾಚು ಕುದಿಸಿದ ಚೊಗರಿನಲ್ಲಿ ತೊಗಲು ನೆನೆಸಿ, ಆಮೇಲೆ ಕಬ್ಬಿಣದ ನೀರಿಗೆ ಹಾಕಿದರು. ಅಮಾಸಿ ಕತ್ತಲಾಯಿತು. ಆದರೂ ಮಾವ ಚಪ್ಪಲಿ ಹೊಲಿಯಲು ಬಿಡಲಿಲ್ಲ. "ತಡಿ ಉಸ್ತಾದ್, ಇನ್ನಷ್ಟು ದಿನ ಹೋಗಲಿ" ಎನ್ನುತ್ತ ಜೂನಿನ ಹೊಸ್ತಿಲವರೆಗೆ ಎಳೆದ. ಬಣ್ಣ ಸಿಕ್ಕಿದ ಮೇಲೂ ಏಕೆ ಕಾಯಬೇಕು ಎಂದು ಯಾರಿಗೂ ತಿಳಿಯಲಿಲ್ಲ. ಮಾವನ ಕೆಲಸಗಳಲ್ಲಿ ಕಾರಣ ಹುಡುಕುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಶಾಲೆಯ ಮೊದಲ ದಿನ ಬಿಳಿ ಸೀರೆ ಉಟ್ಟು, ಕಪ್ಪು ಚಪ್ಪಲಿ ಮೆಟ್ಟಿ ಹೊರಟೆ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈ ಖಾಲಿ. ಅದು ಏತಕ್ಕೆ ಎಂದು ನಾನು ನಿರ್ಧರಿಸಿಯಾಗಿತ್ತು. ಮಾವ ಜೊತೆಗೆ ಬಂದ. ಅವನ ಜೋಡು ಕಿರ್ರೆನ್ನುತ್ತಿತ್ತು, ನನ್ನದು ಇಲ್ಲ.

ಕಟ್ಟೆ ಬಂತು. ಹಿರಿಯರು ನಮ್ಮ ಕಡೆ ತಿರುಗಿದರು. ನಾನು ಚಪ್ಪಲಿ ಕಳಚಲು ಬಗ್ಗಿದೆ.

"ನೀ ನಡಿ" ಎಂದು ಮಾವ ಮೆಲ್ಲಗೆ ಹೇಳಿದ. ಆಮೇಲೆ ಬೇವಿನ ಮರದ ಕೆಳಗೆ ನಿಂತು ತನ್ನ ಜೋಡು ಕಳಚಿದ. ಕಾಲುಚೀಲವನ್ನೂ ಕಳಚಿ ಜೋಡಿನೊಳಗೆ ತುರುಕಿ, ಎರಡನ್ನೂ ಎದೆಗೆ ಅವಚಿಕೊಂಡ.

ಕಟ್ಟೆಯ ಮೇಲಿನ ಹಿರಿಯ ಗೌಡರಿಗೆ ನಂಬಿಕೆ ಬರಲಿಲ್ಲ. "ಏನೋ ಸಾವ್ಕಾರ, ಸಾಹೇಬನ ಮುಂದೂ ಬಿಡದಾಂವ ಇವತ್ತು ನಮ್ಮ ಮುಂದ ಬಿಟ್ಟೀಯಲ್ಲೋ?"

"ಮರ್ಯಾದಿ ರೀ ಗೌಡ್ರ. ಒಂದು ಮನಿಯಿಂದ ಒಬ್ಬರು ಬಿಟ್ರ ಸಾಕಲ್ರೀ?"

ಗೌಡರು ಅವನ ಮುಖ ನೋಡಿದರು, ನನ್ನ ಕಾಲು ನೋಡಿದರು. "ಹೂಂ. ನಿನ್ನಂಥಾಂವ ಬಿಟ್ಟ ಅಂದ್ರ ಊರ ಮಂದಿ ಎಲ್ಲಾ ಬಿಟ್ಟಂಗ ಆತು" ಅಂದರು. ಆಮೇಲೆ, ಮಾವ ಹೊರಡಲು ಕಾಲು ಎತ್ತಿದಾಗ, ಅವರ ಕಣ್ಣು ಕೆಳಗಿಳಿಯಿತು. "ಇದೇನೋ, ಅಂಗಾಲಾಗ ಹೋಳಿ ಆಡೀಯೇನು?"

"ಏನಿಲ್ರಿ. ಬೆವರಿಗೆ ಬಣ್ಣ ನಿಲ್ತೈತೋ ಇಲ್ಲೋ ನೋಡಬೇಕಿತ್ತು. ತೊಗಲಿನ ತುಂಡು ಕಾಲಚೀಲದಾಗ ಇಟ್ಕೊಂಡು ಅಡ್ಡಾಡ್ತಿದ್ನಿ. ಈ ಹುಡುಗಿ ಕಾಲಿಗೆ ಒಮ್ಮಿ ಹತ್ತಿತ್ತಲ್ರೀ."

ಕಟ್ಟೆ ನಕ್ಕಿತು. ಮಾವ ಬರಿಗಾಲಲ್ಲಿ, ಕಾದ ಕಲ್ಲಿನ ದಾರಿಯಲ್ಲಿ ನನ್ನ ಮುಂದೆ ನಡೆದ. ಹಿರಿಯರು ಹಿಂದೆ ಉಳಿದ ಮೇಲೂ ಜೋಡು ಮೆಟ್ಟುವುದನ್ನು ಮರೆತಿದ್ದ. ಹೆಜ್ಜೆ ಎತ್ತಿದಾಗಲೆಲ್ಲ ಅಂಗಾಲು ಕಾಣುತ್ತಿತ್ತು. ಹಿಮ್ಮಡಿಯ ಹತ್ತಿರ ಒಂದು ಚೌಕ ನೀಲಿ, ನಡುವೆ ಹಸಿರು, ಬೆರಳ ಬುಡದಲ್ಲಿ ಮಾಸಿದ ಜಿಲೇಬಿ ಬಣ್ಣ. ಆ ಉರಿ ಬೇಸಿಗೆಯಲ್ಲಿ ಕಾಲುಚೀಲದೊಳಗೆ ಬೆಂದ ಅಂಗಾಲು. ಜೂನಿನವರೆಗೂ ಅವನು ಕಾಲಡಿ ಇಟ್ಟುಕೊಂಡು ಅಡ್ಡಾಡಿದ್ದ ಕಪ್ಪನ್ನು ನಾನು ಎರಡೂ ಅಂಗಾಲುಗಳಲ್ಲಿ ಹುಡುಕಿದೆ. ಕಪ್ಪು ಎಲ್ಲಿಯೂ ಇರಲಿಲ್ಲ.