ಹದಿನಾಲ್ಕು ಬಿಲ್ಲು, ಒಂದು ಮೊಹರು

"ಇಪ್ಪತ್ತೆಂಟು ವರ್ಷ ಊರವರ ಬಿಲ್ಲೆಲ್ಲ ಜಾಲಾಡಿದವನು ನಾನು. ನಮ್ಮನೆ ಬಿಲ್ಲಲ್ಲಿ ಯಾವನು ತಪ್ಪು ಹುಡುಕ್ತಾನೋ ನೋಡೇಬಿಡ್ತೀನಿ" ಎಂದು ಹೆಡ್ ಕ್ಲರ್ಕರು ಊಟದ ಮೇಜಿನ ತುಂಬ ಕಾಗದ ಹರಡಿದರು. ಲೆಕ್ಕ ವಿಭಾಗದಲ್ಲಿ ಅವರನ್ನು ‘ವಾಪಸ್ ಸಾಹೇಬರು’ ಎಂದೇ ಕರೆಯುತ್ತಿದ್ದರು. ದಿನಾಂಕ ಇಲ್ಲವೇ, ವಾಪಸ್. ಸಹಿ ಮಸುಕೇ, ವಾಪಸ್.

ಮಗಳಿಗೆ ವಿದ್ಯಾರ್ಥಿವೇತನ ಸಿಕ್ಕಿತ್ತು. ಆದರೆ ಪುಸ್ತಕ, ಲ್ಯಾಬಿನ ಕೋಟು, ಹಾಸ್ಟೆಲ್ಲು ಎಲ್ಲಕ್ಕೂ ಮೊದಲು ಕೈಯಿಂದ ಹಾಕಿ, ಆಮೇಲೆ ಸರಿಯಾದ ಬಿಲ್ಲು ಕೊಟ್ಟು ದುಡ್ಡು ಪಡೆಯಬೇಕು. ಶುಕ್ರವಾರ ಕಡೇ ದಿನ. ಆ ದುಡ್ಡು ಬಂದರೆ ಮುಂದಿನ ಆರು ತಿಂಗಳ ಹಾಸ್ಟೆಲ್ಲು, ಬಾರದಿದ್ದರೆ ಮಗಳಿಗೆ ದಿನಾ ಐದು ಗಂಟೆ ಬಸ್ಸಿನ ಸಹವಾಸ.

"ಅಪ್ಪಾ, ನಾನೇ ಕಳಿಸ್ತೀನಿ ಬಿಡು."

"ನೀನು ಓದ್ಕೋ. ಇದು ಗೊತ್ತಿರೋರ ಕೆಲಸ."

ಸಾಹೇಬರು ಶನಿವಾರವಿಡೀ ಬಿಲ್ಲುಗಳನ್ನು ಬಿಳಿ ಹಾಳೆಗೆ ಅಂಟಿಸಿದರು, ಕೂಡಿದರು, ನಂಬಿಕೆ ಬಾರದೆ ಮತ್ತೆ ಕೂಡಿದರು. ಒಂದರಲ್ಲಿ ಮಗಳ ಹೆಸರಿಲ್ಲವೆಂದು ಬಿಸಿಲಲ್ಲಿ ಪುಸ್ತಕದಂಗಡಿಗೆ ಎರಡು ಸಲ ಹೋಗಿಬಂದರು. ಕೊನೆಗೆ, ಯಾರ ಕೈಗೂ ಕೊಡದೆ ದಿನಾ ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗುವ ಕಚೇರಿಯ ಮೊಹರನ್ನು ತೆಗೆದು, ಹದಿನಾಲ್ಕು ಬಿಲ್ಲಿನ ಮೇಲೂ ಠಪ್ ಠಪ್ ಎಂದು ಒತ್ತಿದರು. ಮೊಹರಿಲ್ಲದ ಬಿಲ್ಲು ಕಣ್ಣಿಗೆ ಬಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಸೋಮವಾರ ತಾವೇ ಹೋಗಿ ಬಿಲ್ಲು ಕೊಟ್ಟುಬಂದರು. ಮಂಗಳವಾರ ವಿದ್ಯಾರ್ಥಿವೇತನದ ಕಚೇರಿಯಿಂದ ಫೋನು ಬಂತು.

"ಸರ್, ಎಲ್ಲಾ ಬಿಲ್ಲಿನ ಮೇಲೂ ‘ಹಣ ಪಾವತಿಸಿ ರದ್ದುಪಡಿಸಲಾಗಿದೆ’ ಅಂತ ಇದೆಯಲ್ಲ. ಒಂದು ಸಲ ಕೊಟ್ಟ ದುಡ್ಡು ಮತ್ತೆ ಹೇಗೆ ಕೊಡೋದು?"

"ಅದು ಅಭ್ಯಾಸಬಲ ಮೇಡಂ..."

"ನಮ್ಮ ನಿಯಮದಲ್ಲಿ ಅಭ್ಯಾಸಬಲ ಇಲ್ಲ ಸರ್. ನಕಲು ಬಿಲ್ಲು ತನ್ನಿ."

ಹೆಂಡತಿ ಪಾತ್ರೆ ಒರೆಸುತ್ತ ಕೇಳಿದಳು, "ಊರವರಿಗೆ ಕೊಟ್ಟ ಕಾಟ ಸಾಲ್ದು ಅಂತ ಮನೆಗೂ ತಂದ್ರಾ?"

ಸಾಹೇಬರು ಎರಡು ದಿನ ರಜೆ ಹಾಕಿ ಅಂಗಡಿ ಅಂಗಡಿ ಸುತ್ತಿದರು. ಪುಸ್ತಕದಂಗಡಿಯವರು ಕನ್ನಡಕ ಏರಿಸಿಕೊಂಡು ನೋಡಿದರು. "ಹೋದ ವರ್ಷ ನಿಮ್ಮ ಕಚೇರಿಯಿಂದ ನನ್ನ ಬಿಲ್ಲು ನಾಲ್ಕು ಸಲ ವಾಪಸ್ ಬಂದಿತ್ತು. ಕೂತ್ಕೊಳ್ಳಿ ಸಾಹೇಬ್ರೇ, ಹುಡುಕೋಣ. ಅವಸರ ಏನಿದೆ?"

ಸಾಹೇಬರು ಬೆಂಚಿನ ಮೇಲೆ ಎರಡು ಗಂಟೆ ಕೂತರು. ಕಾಲು ನೋಯುತ್ತಿತ್ತು. ಕೌಂಟರಿನ ಈಚೆ ಕಾಯುವುದು ಎಂಥ ಸಾಕುಸಾಕಾಗುವ ಕೆಲಸವೆಂದು ಅವರಿಗೆ ಈ ವಯಸ್ಸಿನಲ್ಲಿ ಗೊತ್ತಾಯಿತು, ನಾಚಿಕೆಯೂ ಆಯಿತು.

ಗುರುವಾರ ಸಂಜೆ ಹದಿನಾಲ್ಕೂ ನಕಲು ಕೈಗೆ ಬಂದವು. ಜೊತೆಗೆ ಒಂದು ಅರ್ಜಿ ತುಂಬಬೇಕಿತ್ತು. ಈ ಸಲ ಮಗಳು ಪೆನ್ನನ್ನು ಅಪ್ಪನಿಗೆ ಮುಟ್ಟಲೂ ಬಿಡಲಿಲ್ಲ. ತಾನೇ ತುಂಬಿ, ಸಹಿಗೆಂದು ಮಾತ್ರ ಅವರ ಮುಂದೆ ಹಿಡಿದಳು.

‘ಮೂಲ ಬಿಲ್ಲು ಹಾಳಾಗಲು ಕಾರಣ: ಬೆಂಕಿ, ನೀರು, ಇಲಿ, ಕಳವು, ಇತರೆ.’ ಅವಳು ‘ಇತರೆ’ಗೆ ಗುರುತು ಹಾಕಿ, ಎದುರಿಗೆ ಮುದ್ದಾಗಿ ಎರಡೇ ಅಕ್ಷರ ಬರೆದಿದ್ದಳು: ‘ಅಪ್ಪ.’

ಅದರ ಕೆಳಗೆ ಅಚ್ಚಾಗಿತ್ತು: ‘ಮೇಲಿನ ಕಾರಣ ನಿಜವೆಂದು ದೃಢೀಕರಿಸುತ್ತೇನೆ. ಪೋಷಕರ ಸಹಿ.’

ಸಾಹೇಬರು ಕನ್ನಡಕ ಒರೆಸಿ ಮೂರು ಸಲ ಓದಿದರು. ಆಕ್ಷೇಪಿಸಲು ಏನೂ ಸಿಗದೆ ಸಹಿ ಹಾಕಿದರು.